ಒಂಬತ್ತನೇ ಮಹಡಿಗೆ ಮಿಸ್ಡ್ ಕಾಲ್

ನಮ್ಮಲ್ಲಿ ಎಸ್ಟೇಟ್ ಎಂದರೆ ಕಾಫಿ.
ಗೋಣಿಕೊಪ್ಪದ ಬಸ್‌ಸ್ಟ್ಯಾಂಡಿನ ನೆತ್ತಿಯ ಮೇಲೆ
ಹನ್ನೊಂದು ಮಹಡಿ ಏರಿಸಿ
ಅದಕ್ಕೂ ಎಸ್ಟೇಟ್ ಎಂದೇ ಹೆಸರಿಟ್ಟರು.
ಒಂದು ಗಿಡವಿಲ್ಲ, ನೆರಳಿಗೊಂದು ಸಿಲ್ವರ್ ಮರವಿಲ್ಲ.
ಮೆಣಸಿನ ಬಳ್ಳಿಯ ಹಾಗೆ ಪೈಪುಗಳು
ಗೋಡೆ ತಬ್ಬಿಕೊಂಡು ಮೇಲಕ್ಕೆ ಹೋಗಿವೆ.

ನಾನು ಹುಟ್ಟಿದ್ದು ಲೈನ್‌ಮನೆಯಲ್ಲಿ.
ಹನ್ನೊಂದು ಬಾಗಿಲು, ಒಂದೇ ಮಾಡು;
ಆ ತುದಿಯಲ್ಲಿ ಕೆಮ್ಮಿದರೆ
ಈ ತುದಿಯಲ್ಲಿ ಎದ್ದು ಕೂರುತ್ತಿದ್ದರು.
ಅದನ್ನೇ ಯಾರೋ ಎತ್ತಿ ನೆಟ್ಟಗೆ ನಿಲ್ಲಿಸಿದ್ದಾರೆ
ಅಂತ ಮೊದಲ ದಿನ ಅನ್ನಿಸಿತು.
ಟೈಂಕೀಪರ್ ಚೀಯಣ್ಣನಿಗೆ ಹೇಳಿದರೆ
'ಆ ಲೈನಿನ ಒಂದು ಬಾಗಿಲಿಗೆ ಎಂಬತ್ತು ಲಕ್ಷ, ಗೊತ್ತುಂಟಾ?'

ನನ್ನ ಕೆಲಸ ಕೂಗುವುದು.
ಪೊನ್ನಂಪೇಟೆ ಹುದಿಕೇರಿ ಶ್ರೀಮಂಗಲ ಕುಟ್ಟಾ ಕುಟ್ಟಾ ಕುಟ್ಟಾ
ಹದಿನಾರು ವರ್ಷ ಬಾಯಲ್ಲಿ ಉರುಳಿ ಉರುಳಿ
ಊರುಗಳ ಅಂಚು ಸವೆದು ನುಣ್ಣಗಾಗಿದೆ.
ಶ್ರೀಮಂಗಲಕ್ಕೆ ಈಗ ಶ್ರೀ ಇಲ್ಲ,
ಬರೀ ಮಂಗ್ಲ.

ಒಕ್ಕಲು ಬಂದ ಮರುವಾರವೇ ಅಂಟಿಸಿದರು ನೋಟೀಸು:
ಏಳು ಗಂಟೆಗೆ ಮೊದಲು ಕೂಗಬಾರದು.
ನಿವಾಸಿಗಳ ಸಂಘ, ಕೆಳಗೊಂದು ನೀಲಿ ಮೊಹರು.
ಬಸ್ಸು ಮೊದಲೋ ಮನೆ ಮೊದಲೋ
ಎಂದು ಕೇಳುವಷ್ಟು ಎತ್ತರ ನನ್ನ ದನಿಗಿಲ್ಲ.
ಪಿಸುಗುಟ್ಟಿ ನೋಡಿದೆ ಕುಟ್ಟವನ್ನು.
ಸೊಪ್ಪಿನ ಬುಟ್ಟಿಯ ಹೆಂಗಸೊಬ್ಬಳು ಹತ್ತಿರ ಬಂದು
'ಎಂತ ಗುಟ್ಟು?' ಎಂದಳು.

ಹೂಮಳೆ ಬಿದ್ದು ವಾರವಾದ ಒಂದು ಸಂಜೆ
ಕುಟ್ಟದ ಬಸ್ಸಿನಲ್ಲಿ ಉಳಿದಿತ್ತು ಯಾರದೋ ಚೀಲ:
ಬುತ್ತಿ ಡಬ್ಬಿ, ಬಿ.ಪಿ. ನೋಡುವ ಪಟ್ಟಿ,
ಮೇಲೆ ಪೆನ್ನಿನಲ್ಲಿ, ಬೋಜಮ್ಮ, ೯೦೪.
ವಾಚ್‌ಮನ್ ಪುಸ್ತಕ ತೆರೆದ. ಹೆಸರು? ಆಲಿಕುಟ್ಟಿ.
ಎಲ್ಲಿಂದ ಬಂದದ್ದು?
ಕೆಳಗಿನಿಂದ, ಎಂದೆ.

ಲಿಫ್ಟಿನಲ್ಲಿ ಕಿವಿ ಗುಂಯ್ ಎಂದಿತು,
ಮಾಕುಟ್ಟ ಘಾಟಿ ಇಳಿಯುವಾಗಿನಂತೆ. ಏರುತ್ತಿದ್ದೆ ಆದರೆ.

ಬೇಡವೆಂದರೂ ಬೆಲ್ಲದ ಕಾಫಿ ಬಂತು.
ಕಿಟಕಿಗೆ ಹೋದೆ.
ಬಸ್ಸುಗಳ ತಲೆಯ ಮೇಲೆ ಏನೇನೋ:
ತುಕ್ಕು, ಹಳೇ ಟೈರು, ಮಗುವಿನದೊಂದು ಒಂಟಿ ಚಪ್ಪಲಿ.
ಇಷ್ಟು ವರ್ಷ ಮುಖ ನೋಡಿ ಗುರುತಿಟ್ಟವನು
ನೆತ್ತಿ ನೋಡಿದ್ದು ಅದೇ ಮೊದಲು.
ದೂರದಲ್ಲಿ ಬ್ರಹ್ಮಗಿರಿ. ನಾನು ಕೂಗಿ ಕಳಿಸಿದ ದಾರಿಯೆಲ್ಲ
ಅಲ್ಲಿ ಹೋಗಿ ಕೂತಿತ್ತು.
ಕೆಳಗೆ ನನ್ನ ಜಾಗದಲ್ಲಿ ನಾಸರ್.
ಬಾಯಿ ತೆರೆಯುತ್ತದೆ, ಮುಚ್ಚುತ್ತದೆ,
ಊರು ಹೊರಗೆ ಬರುವುದಿಲ್ಲ.

'ಎರಡು ಪದರದ ಗಾಜು,' ಎಂದರು ಸಿಸ್ಟರ್,
'ನಿಮ್ಮ ಕೂಗಿಗೆಂದೇ ಹಾಕಿಸಿದ್ದು.
ನೋಟೀಸಿನಲ್ಲಿ ನನ್ನದೂ ಸೈನು ಉಂಟು.'
ಲೋಟವನ್ನು ಸ್ವಲ್ಪ ಹೊತ್ತು ತಿರುಗಿಸಿದರು.
'ಎಂತ ಮಾಡುದು, ಬಸ್ಸಿನ ತಲೆ ಮೇಲೆ ಮಲಗಿ
ಈ ತಿಂಗಳು ಆರೂ ಹತ್ತರ ಕುಟ್ಟ
ನಾಲ್ಕು ಸಲ ತಪ್ಪಿತು.
ಅಲಾರಂ ಆದರೆ ಒತ್ತಿ ಮಲಗುತ್ತೇನೆ.
ನಿಮ್ಮನ್ನು ಒತ್ತಲಿಕ್ಕೆ ಆಗುತ್ತಿರಲಿಲ್ಲ.'

ಕೊಂಡಿ ಸಡಿಲಿಸಿ ಬೆರಳಷ್ಟು ತೆರೆದರು.
ಮೊದಲು ಬಂದದ್ದು ಡೀಸೆಲ್.
ಹಿಂದೆಯೇ ಕಾಫಿ ಹೂವಿನ ಘಮ, ಯಾರ ತೋಟದ್ದೋ.
ಆಮೇಲೆ ನಾಸರನ ದನಿ.
ಅವನೂ ಮಂಗ್ಲ ಎಂದೇ ಅನ್ನುತ್ತಿದ್ದ.
ನನ್ನಿಂದ ಕಲಿತದ್ದು.

ಈಗ ದಿನಾ ಐದೂ ಇಪ್ಪತ್ತಕ್ಕೆ
ಒಂಬತ್ತನೇ ಮಹಡಿಗೆ ಮಿಸ್ಡ್ ಕಾಲ್.
ಎರಡು ರಿಂಗು, ಕಟ್.
ಕಾಸು ಖರ್ಚಿಲ್ಲದ, ಸಂಘಕ್ಕೆ ಕೇಳಿಸದ ಕೂಗು.
ಕತ್ತೆತ್ತಿದರೆ ಕತ್ತಲ ಗೋಡೆಯಲ್ಲಿ
ಒಂದು ಚೌಕ ಬೆಳಕಾಗುತ್ತದೆ.

ಇತ್ತೀಚೆಗೆ ಏಳನೆಯವರೂ ನಂಬರು ಕೊಟ್ಟು ಹೋದರು,
ಮೂರನೆಯ ಮೇಷ್ಟ್ರೂ.
ನಿನ್ನೆ ಸಂಘದ ಕಾರ್ಯದರ್ಶಿ, ಟವೆಲಿನಲ್ಲಿ ಮುಖ ಒರೆಸುತ್ತ,
ಆ ಕಡೆ ಈ ಕಡೆ ನೋಡಿ.
ಅವರಿಗೆ ಮೂರು ರಿಂಗು ಬೇಕಂತೆ.